ಮಿದುಳಿನ ಗಡ್ಡೆ: ಎಂಆರ್‌ಐಗೆ ಮೊದಲು ಕೇಳಬೇಕಾದ್ದು

ಪ್ರಶ್ನೆ: ಅಣ್ಣನಿಗೆ ಫಿಟ್ಸ್ ಬಂದಾಗ ಇಲ್ಲೇ 1.5 ಟೆಸ್ಲಾ (ಯಂತ್ರದ ಕಾಂತಶಕ್ತಿಯ ಅಳತೆ) ಎಂಆರ್‌ಐ ಮಾಡಿಸಿದೆವು, ಕಾಂಟ್ರಾಸ್ಟ್ (ಗಡ್ಡೆ ಎದ್ದು ಕಾಣಲು ಕೊಡುವ ಇಂಜೆಕ್ಷನ್) ಕೊಟ್ಟಿರಲಿಲ್ಲ. ಗಡ್ಡೆಯ ಸಂಶಯವಿದೆಯಂತೆ. ಮುಂಬೈ ಪರೇಲಿನ ಡಾಕ್ಟರು ಮತ್ತೆ ಮಾಡಿಸಿ ಎನ್ನುತ್ತಾರೆ. 3 ಟೆಸ್ಲಾ ಯಂತ್ರವೇ ಆಗಬೇಕೆ?
– ಓದುಗರು, ಡೊಂಬಿವಲಿ

ಉತ್ತರ: ಆಗಲೇಬೇಕೆಂದಿಲ್ಲ. 3 ಟೆಸ್ಲಾದಲ್ಲಿ ಸಿಗ್ನಲ್ ಹೆಚ್ಚು, ನಿಜ. ಆದರೆ ಅವಸರದಲ್ಲಿ ಮುಗಿಸಿದ 3ಕ್ಕಿಂತ ಸರಿಯಾದ ಪ್ರೋಟೊಕಾಲಿನ (ಸ್ಕ್ಯಾನ್ ತೆಗೆಯುವ ಕ್ರಮದ) 1.5 ಎಷ್ಟೋ ಮೇಲು. 5 ಮಿ.ಮೀ. ಪದರಗಳನ್ನು ನಡುವೆ ಗ್ಯಾಪ್ ಬಿಟ್ಟು ತೆಗೆದರೆ 2-3 ಮಿ.ಮೀ. ಗಂಟು ಕಣ್ತಪ್ಪಬಹುದು. ಕಾಂಟ್ರಾಸ್ಟಿಗೆ ಮೊದಲು ಮತ್ತು ನಂತರ, ಒಂದೇ ಸೆಟ್ಟಿಂಗಿನಲ್ಲಿ, 1 ಮಿ.ಮೀ. ಪದರಗಳ 3ಡಿ ಟಿ1 (ಗ್ಯಾಪ್ ಇಲ್ಲದ ಒಂದು ಬಗೆಯ ಚಿತ್ರ) ತೆಗೆಯುತ್ತೀರಾ ಎಂದು ಸೆಂಟರಿನಲ್ಲಿ ಕೇಳಿ. ಜೊತೆಗೆ ಫ್ಲೇರ್, ಟಿ2 (ಬಾವು, ಗಡ್ಡೆ ಬೆಳ್ಳಗೆ ಕಾಣುವ ಚಿತ್ರಗಳು), ಡಿಫ್ಯೂಷನ್ (ನೀರಿನ ಚಲನೆಯ ಚಿತ್ರ) ಇರಲಿ. ಇಂಜೆಕ್ಷನ್ ಕೊಟ್ಟ ಕೂಡಲೇ ಟಿ2 ತೆಗೆದರೆ, ಔಷಧ ಗಡ್ಡೆಯೊಳಗೆ ಇಳಿಯಲು ಬೇಕಾದ ನಾಲ್ಕೈದು ನಿಮಿಷ ಅದರಲ್ಲೇ ಕಳೆಯುತ್ತದೆ; ಆಮೇಲೆ ಟಿ1 ತೆಗೆಯಬಹುದು.

ಕಾಂಟ್ರಾಸ್ಟ್ ಔಷಧವಾದ ಗ್ಯಾಡೊಲಿನಿಯಂ ಪ್ರಮಾಣ ಸಾಮಾನ್ಯವಾಗಿ ಕಿಲೋಗೆ 0.1 ಮಿಲಿಮೋಲ್. 60 ಕಿಲೋ ತೂಕದವರಿಗೆ 0.5 ಮೋಲಾರ್ (ಮಿ.ಲೀ.ಗೆ 0.5 ಮಿಲಿಮೋಲ್ ಇರುವ) ಔಷಧವಾದರೆ 12 ಮಿ.ಲೀ., 1 ಮೋಲಾರ್ ಆದರೆ 6. ಆದ್ದರಿಂದ ಮಿ.ಲೀ. ಕಡಿಮೆಯಾಯಿತೆಂದು ಗಾಬರಿ ಬೇಡ. ಕಿಡ್ನಿ ತೊಂದರೆಯಿದ್ದರೆ ಮೊದಲೇ ಹೇಳಿ. ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗ) 30ಕ್ಕಿಂತ ಕೆಳಗಿದ್ದರೆ ಯಾವ ಔಷಧ ಎಂಬುದನ್ನು ರೇಡಿಯಾಲಜಿಸ್ಟ್ ನಿರ್ಧರಿಸಬೇಕು. ಮಿದುಳಿನ ರಕ್ತನಾಳದ ತಡೆ ಒಡೆದಲ್ಲಿ ಮುಖ್ಯವಾಗಿ ಈ ಔಷಧ ಸೋರಿ ಬೆಳ್ಳಗೆ ಕಾಣುತ್ತದೆ. ನಿಧಾನವಾಗಿ ಬೆಳೆಯುವ ಹಲವು ಗಡ್ಡೆಗಳಲ್ಲಿ ಹಾಗಾಗದು; ಅಲ್ಲಿ ಫ್ಲೇರೇ ಆಧಾರ. ಬಾವು ಇಳಿಸಲು ಕೊಡುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ಈ ಸೋರಿಕೆಯನ್ನು ತಗ್ಗಿಸುತ್ತದೆ, ಹಾಗಾಗಿ ಗಡ್ಡೆ ಮಂಕಾಗಿ ಕಾಣಬಹುದು. ನೀವಾಗಿ ನಿಲ್ಲಿಸಬೇಡಿ. ಎಂದಿನಿಂದ, ಎಷ್ಟು ಮಿ.ಗ್ರಾಂ. ಎಂದು ಫಾರಂನಲ್ಲಿ ಬರೆಸಿ.

ಪ್ರಶ್ನೆ: ಅಮ್ಮನಿಗೆ ಗ್ಲಯೋಬ್ಲಾಸ್ಟೋಮಾ (ವೇಗವಾಗಿ ಬೆಳೆಯುವ ಮಿದುಳಿನ ಕ್ಯಾನ್ಸರ್). ರೇಡಿಯೇಷನ್ ಮುಗಿದು ಎರಡು ತಿಂಗಳಾಯಿತು, ಸ್ಕ್ಯಾನಿನಲ್ಲಿ ದೊಡ್ಡದಾಗಿ ಕಾಣುತ್ತಿದೆ. ಮತ್ತೆ ಬೆಳೆಯಿತೇ?
– ಓದುಗರು, ಪುಣೆ

ಉತ್ತರ: ಈ ಒಂದೇ ಸ್ಕ್ಯಾನಿನಿಂದ ಹಾಗೆನ್ನಲಾಗದು. ಮೊದಲ ಮೂರು ತಿಂಗಳಲ್ಲಿ ಚಿಕಿತ್ಸೆಯ ಉರಿಯೂತವೂ ಗಡ್ಡೆ ಬೆಳೆದಂತೆಯೇ ಕಾಣಬಹುದು. ಪರ್ಫ್ಯೂಷನ್ (ರಕ್ತ ಹರಿವಿನ ಸ್ಕ್ಯಾನ್) ಸೇರಿಸಬಹುದೇ ಎಂದು ಡಾಕ್ಟರನ್ನು ಕೇಳಿ: ಜೀವಂತ ಗಡ್ಡೆಯಲ್ಲಿ ರಕ್ತದ ಪ್ರಮಾಣ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಇದಕ್ಕೆ ಪಂಪಿನಿಂದ ಸೆಕೆಂಡಿಗೆ 3-5 ಮಿ.ಲೀ. ವೇಗದಲ್ಲಿ ಔಷಧ ಹೋಗಬೇಕು. ಕೀಮೊ ಆಗಿ ರಕ್ತನಾಳಗಳು ಸೊರಗಿದ್ದರೆ ಮುಂಗೈಗೆ ಸಣ್ಣ ಸೂಜಿ ಹಾಕಿಬಿಡುತ್ತಾರೆ. ವೇಗ ಸಾಲದೆ ಇಡೀ ಪರೀಕ್ಷೆ ಕೆಡುತ್ತದೆ. ಮೊಣಕೈ ಬಳಿ 18 ಅಥವಾ 20 ಗೇಜ್ ಕ್ಯಾನುಲಾ (ದಪ್ಪ ಸೂಜಿ ನಳಿಕೆ) ಸಾಧ್ಯವೇ ಎಂದು ಮೊದಲೇ ವಿಚಾರಿಸಿ. ಆಮೇಲೂ ಸಂಶಯ ಉಳಿದರೆ ಕೆಲವು ವಾರ ಬಿಟ್ಟು, ಆದಷ್ಟು ಅದೇ ಯಂತ್ರದಲ್ಲಿ, ಮತ್ತೆ ನೋಡುತ್ತಾರೆ.

ಪ್ರಶ್ನೆ: ಮುಂಬೈಗೆ ತೋರಿಸಲು ಫಿಲ್ಮ್ ಸಾಕೇ?
– ಓದುಗರು, ಮಡಗಾಂವ್

ಉತ್ತರ: ಸಾಲದು, ವಾಟ್ಸಾಪ್ ಫೋಟೊ ಅಂತೂ ಬೇಡವೇ ಬೇಡ. ಎಲ್ಲ ಸರಣಿಗಳ ಡೈಕಾಮ್ ಫೈಲುಗಳನ್ನು (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರಗಳು) ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಪಡೆಯಿರಿ. ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯ ಜಾಗ ತೋರಿಸುವ ನ್ಯಾವಿಗೇಷನ್ ಯಂತ್ರಕ್ಕೆ ಆ ತೆಳು ಪದರಗಳೇ ಬೇಕು. ರೈಲು ಹತ್ತುವ ಮೊದಲು ಕಂಪ್ಯೂಟರಿನಲ್ಲಿ ತೆರೆದು ನೋಡಿ, ಹಳೆಯ ಸ್ಕ್ಯಾನುಗಳ ಸಿಡಿಗಳನ್ನೂ ಒಯ್ಯಿರಿ.