‘ಡೂ ದ ನೀಡ್‌ಫುಲ್’ ಅಂದರೆ ಏನು ಮಾಡಬೇಕು?

ಪ್ರಶ್ನೆ: ಅರ್ಜಿಯ ಕೊನೆಗೆ ‘ಪ್ಲೀಸ್ ಡೂ ದ ನೀಡ್‌ಫುಲ್’ ಎಂದು ಬರೆಯುವುದು ನಮ್ಮ ಕಡೆ ರೂಢಿ. ಬೆಂಗಳೂರಿನ ಕಂಪನಿಯಲ್ಲಿರುವ ಮಗಳು ಅದು ತಪ್ಪು ಇಂಗ್ಲಿಷ್ ಎನ್ನುತ್ತಾಳೆ. ಹೌದೇ?
– ಓದುಗರು, ಸಕಲೇಶಪುರ

ಉತ್ತರ: ತಪ್ಪಲ್ಲ, ಹಳತು. ‘ನೀಡ್‌ಫುಲ್’ ಎಂದರೆ ಬೇಕಾದ. ಅದರ ಹಿಂದೆ ‘ದ’ ಬಂದರೆ ನಾಮಪದವಾಗುತ್ತದೆ, ‘ದ ಪೂರ್’ ಎಂದರೆ ಬಡವರು ಆಗುವಂತೆ. ನಾವು ‘ಬೇಕಾದ’ ಎನ್ನುವುದನ್ನು ‘ಬೇಕಾದದ್ದು’ ಮಾಡಿಕೊಳ್ಳುತ್ತೇವಲ್ಲ, ಅದೇ ಕೆಲಸ. ಹಾಗಾಗಿ ‘ದ’ ಬಿಟ್ಟು ‘ಡೂ ನೀಡ್‌ಫುಲ್’ ಎಂದರೆ ಮಾತ್ರ ತಪ್ಪು. ‘ಡೂ ದ ನೀಡ್‌ಫುಲ್ಸ್’ ಎಂದೂ ಬರೆಯಬೇಡಿ. ‘ಕೈಂಡ್ಲಿ’, ‘ಪ್ಲೀಸ್’ ಎರಡನ್ನೂ ಒಟ್ಟಿಗೆ ಹಾಕಬೇಡಿ, ಒಂದು ಸಾಕು.

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಇದು ಪತ್ರಗಳ ಮಾಮೂಲಿ ಮಾತು. ಅಲ್ಲಿ ಬಳಕೆ ತಪ್ಪಿತು, ನಮ್ಮ ಕಚೇರಿಗಳಲ್ಲಿ ಉಳಿಯಿತು. ಹೊರದೇಶದ ಗಿರಾಕಿಗಳಿಗೆ ಇದು ವಿಚಿತ್ರವಾಗಿ ಕೇಳುವುದು ಅದಕ್ಕೇ. (ಅಲ್ಲಿನ ಹಳೆಯ ಆಡುಮಾತಿನಲ್ಲಿ ‘ದ ನೀಡ್‌ಫುಲ್’ ಎಂದರೆ ದುಡ್ಡು ಎಂದೂ ಅರ್ಥವಿತ್ತು. ಕಚೇರಿಗೆ ಬರೆಯುವಾಗ ಅದು ನೆನಪಿರಲಿ!)

ನಿಜವಾದ ತೊಂದರೆ ವ್ಯಾಕರಣದ್ದಲ್ಲ. ಕನ್ನಡದ ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ಗೂ ಇದೇ ರೋಗ: ಏನು ಬೇಕೆಂದು ಹೇಳುವುದೇ ಇಲ್ಲ. ಪಂಪ್‌ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದು ಬರೆದರೆ ಮಾಡಬೇಕಾದದ್ದು ಎದುರಿನವರಿಗೆ ಗೊತ್ತಾಗುತ್ತದೆ, ಅಲ್ಲಿ ಈ ಸಾಲು ನಡೆಯುತ್ತದೆ. ಆದರೆ ‘ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಡೂ ದ ನೀಡ್‌ಫುಲ್’ ಎಂದರೆ ಯಾವ ಸರ್ವೆ ನಂಬರು, ಯಾವ ಹೆಸರು ಏನಾಗಬೇಕು? ಅರ್ಜಿ ವಾಪಸ್ ಬರುತ್ತದೆ, ಇಲ್ಲವೇ ಮೇಜಿನ ಮೇಲೇ ಕೂರುತ್ತದೆ. ‘ಪ್ಲೀಸ್ ಕರೆಕ್ಟ್ ದ ನೇಮ್ ಇನ್ ಕಾಲಂ 9’ ಎಂದು ಕೆಲಸವನ್ನೇ ಕ್ರಿಯಾಪದವಾಗಿಸಿ. ಮುಂದೆ ಸರ್ವೆ ನಂಬರು, ಈಗಿರುವ ಹೆಸರು, ಆಗಬೇಕಾದ ಹೆಸರು, ಲಗತ್ತಿಸಿದ ದಾಖಲೆ, ಈ ನಾಲ್ಕನ್ನು ಬರೆಯಿರಿ. ಮಗಳ ಕಂಪನಿಯ ಈಮೇಲಿಗೂ ಇದೇ ದಾರಿ: ‘ಪ್ಲೀಸ್ ಅಪ್ರೂವ್ ದಿ ಇನ್‌ವಾಯ್ಸ್ ಬೈ ಫ್ರೈಡೇ’. ಯಾವ ಕೆಲಸ, ಯಾವಾಗಿನೊಳಗೆ ಎರಡೂ ಬಂತು.

ಪ್ರಶ್ನೆ: ಊರಲ್ಲಿ ಇಲ್ಲದಿದ್ದರೆ ‘ಔಟ್ ಆಫ್ ಸ್ಟೇಷನ್’ ಎನ್ನುತ್ತೇವೆ. ಬಸ್ಸಿನಲ್ಲಿ ಹೋದರೂ ಸ್ಟೇಷನ್ ಯಾಕೆ?
– ಓದುಗರು, ಚಿಕ್ಕಮಗಳೂರು

ಉತ್ತರ: ಇದು ರೈಲಿನ ಸ್ಟೇಷನ್ ಅಲ್ಲ. ನಿಮ್ಮ ಊರಿಗೆ ಕಡೂರಿನಿಂದ ರೈಲು ಬಂದದ್ದೇ 2013ರಲ್ಲಿ. ಈ ಮಾತು ಅದಕ್ಕೂ ಬಹಳ ಹಿಂದಿನದು. ಬ್ರಿಟಿಷರ ಕಾಲದಲ್ಲಿ ಅಧಿಕಾರಿ ಅಥವಾ ಸೈನ್ಯ ಬೀಡುಬಿಟ್ಟ ಊರೇ ‘ಸ್ಟೇಷನ್’. ‘ಹಿಲ್ ಸ್ಟೇಷನ್’ ಎನ್ನುವಾಗ ಇರುವುದೂ ಅದೇ. ನೌಕರರು ರಜೆ ಅರ್ಜಿಯಲ್ಲಿ ‘ಕೇಂದ್ರಸ್ಥಾನ ಬಿಡಲು ಅನುಮತಿ’ ಕೇಳುತ್ತಾರಲ್ಲ, ಆ ಕೇಂದ್ರಸ್ಥಾನ ಇದು. ನಮ್ಮಲ್ಲಿ ಧಾರಾಳವಾಗಿ ಬಳಸಿ. ವಿದೇಶದವರಿಗೆ ಹೇಳುವಾಗ ‘ಔಟ್ ಆಫ್ ಟೌನ್’ ಎನ್ನಿ.