ಖಾಲಿ ಬಿಟ್ಟ ಜಾಗದ ಬಗ್ಗೆ

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಮುಖಪುಟದ ಅಮೂರ್ತ ಚಿತ್ರವನ್ನು ಕುರಿತ ತಮ್ಮ ಪತ್ರವನ್ನು ಎರಡು ಸಲ ಓದಿದೆ. 'ಬಣ್ಣಕ್ಕೆ ಶಾಸ್ತ್ರವಿದೆ, ಅದನ್ನು ಕಲಿಯದವರು ಮನಸ್ಸಿಗೆ ಬಂದಂತೆ ಬಳಿದು ಅಂತಃಸ್ಫೂರ್ತಿ ಎನ್ನುತ್ತಾರೆ. ಅರ್ಧ ಕ್ಯಾನ್ವಾಸನ್ನು ಖಾಲಿ ಬಿಟ್ಟದ್ದೂ ಕಲೆಯೇ?' ಎಂದು ಕೇಳಿದ್ದೀರಿ. ಸ್ಫೂರ್ತಿಯ ಹೆಸರಿನಲ್ಲಿ ಸೋಮಾರಿತನವೂ ನಡೆಯುತ್ತದೆ ಎಂಬುದನ್ನು ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪಲಾರೆ.

ಬಣ್ಣದ ಶಾಸ್ತ್ರವನ್ನು ಅರೆದು ಕುಡಿದ ಜೋಸೆಫ್ ಆಲ್ಬರ್ಸ್ ಅವರು 1950ರಿಂದ 1976ರಲ್ಲಿ ತೀರಿಕೊಳ್ಳುವವರೆಗೂ ಚೌಕದೊಳಗೆ ಚೌಕವಿಟ್ಟು ಚಿತ್ರ ಬರೆದವರು. ಅವರೇ ತರಗತಿಯಲ್ಲಿ ಸಿದ್ಧಾಂತಕ್ಕಿಂತ ಮೊದಲು ಬಣ್ಣದ ಕಾಗದವನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತಿದ್ದರು. ತಾವೂ ಒಂದು ಬೂದು ಕಾಗದದಿಂದ ಎರಡು ತುಂಡು ಕತ್ತರಿಸಿ, ಒಂದನ್ನು ಕೆಂಪಿನ ಮೇಲೆ, ಇನ್ನೊಂದನ್ನು ಹಸಿರಿನ ಮೇಲೆ ಇಟ್ಟು ನೋಡಿ. ಮೊದಲನೆಯದು ತುಸು ಹಸಿರಾಗಿಯೂ ಎರಡನೆಯದು ತುಸು ಕೆಂಪಾಗಿಯೂ ಕಾಣುತ್ತದೆ. ಬಣ್ಣಗಳ ನಂಟನ್ನು ವೃತ್ತದಲ್ಲಿ ತೋರಿಸುವ ವರ್ಣಚಕ್ರ ಇದಕ್ಕೆ ಕಾರಣ ಹೇಳೀತು. ಆ ಬೂದು ಎಷ್ಟು ಅಗಲವಿರಬೇಕು, ಅಂಚಿನಿಂದ ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಮಾತ್ರ ಕಣ್ಣೇ ಹೇಳಬೇಕು.

ನೇರ ಗೆರೆ, ಆಯತಗಳನ್ನು ಅಳತೆಪಟ್ಟಿ ಹಿಡಿದೇ ಬರೆದಂತೆ ಕಾಣುವ ಡಚ್ ಚಿತ್ರಕಾರ ಮಾಂಡ್ರಿಯಾನ್ ಅವರನ್ನೇ ತೆಗೆದುಕೊಳ್ಳಿ. 1944ರಲ್ಲಿ ಅವರು ತೀರಿಕೊಂಡಾಗ ಅರ್ಧಕ್ಕೆ ನಿಂತ ಕಡೆಯ ಚಿತ್ರದ ಮೇಲೆ ಬಣ್ಣದ ಟೇಪಿನ ಚೂರುಗಳು ಹಾಗೆಯೇ ಅಂಟಿಕೊಂಡಿದ್ದವು. ಸೂತ್ರವೇ ಸಾಕಾಗಿದ್ದರೆ ಅಂಟಿಸಿ, ಕಿತ್ತು, ಮತ್ತೆ ಅಂಟಿಸುವ ಕಷ್ಟ ಅವರಿಗೇಕೆ?

ಇನ್ನು ಖಾಲಿ ಜಾಗ. 1952ರಲ್ಲಿ, 23ನೆಯ ವಯಸ್ಸಿನಲ್ಲಿ, ಅಮೆರಿಕದ ಚಿತ್ರಕಲಾವಿದೆ ಹೆಲೆನ್ ಫ್ರಾಂಕೆಂಥಾಲರ್ ಅಸ್ತರು ಬಳಿಯದ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಟರ್ಪೆಂಟೈನಿನಲ್ಲಿ ತೆಳುವಾಗಿಸಿದ ತೈಲವರ್ಣವನ್ನು ಅದಕ್ಕೆ ಹೀರಿಸಿದರು. ಬಣ್ಣ ತಾಗದೆ ಉಳಿದ ಬಟ್ಟೆಯೇ ಅಲ್ಲಿ ಗಾಳಿಯಾಗಿ, ಬೆಳಕಾಗಿ ಕೆಲಸ ಮಾಡುತ್ತದೆ.

ನಾನು ಬಲ್ಲ ಹಿರಿಯ ಕಲಾವಿದೆಯೊಬ್ಬರ ಸ್ಟುಡಿಯೋದಲ್ಲಿ ಒಮ್ಮೆ ಇಡೀ ಮಧ್ಯಾಹ್ನ ಕುಳಿತಿದ್ದೆ. ದೊಡ್ಡದೊಂದು ಬೂದು ಹರವಿನ ಕೆಳಮೂಲೆಯಲ್ಲಿ ಅವರು ಅಂಗೈಯಗಲದ ಕಿತ್ತಳೆ ಬಣ್ಣವನ್ನಿಟ್ಟು, ಹಿಂದೆ ಸರಿದು ಮಣೆಯ ಮೇಲೆ ಕುಳಿತರು. ಸುಮಾರು ಒಂದು ಗಂಟೆ ಕುಂಚ ಮುಟ್ಟಲಿಲ್ಲ. ಕ್ಯಾನ್ವಾಸನ್ನು ತಲೆಕೆಳಗು ಮಾಡಿ ನೋಡಿದರು, ಮತ್ತೆ ನೇರ ಮಾಡಿದರು. ಕೊನೆಗೆ ಎದ್ದು ಚಾಕುವಿನಿಂದ ಆ ಕಿತ್ತಳೆಯನ್ನು ಕೆರೆದು, ಬಟ್ಟೆಯಿಂದ ಒರೆಸಿಬಿಟ್ಟರು. ಉಳಿದದ್ದು ಮಸುಕಾದ ಒಂದು ಕಲೆ. ಆದರೆ ಆವರೆಗೆ ಗೋಡೆಯಂತೆ ನಿಂತಿದ್ದ ಬೂದು ಒಮ್ಮೆಲೇ ಆಳಕ್ಕೆ ಸರಿಯಿತು. 'ಹೇಗೆ ಗೊತ್ತಾಯಿತು?' ಎಂದೆ. 'ಗೊತ್ತಿರಲಿಲ್ಲ, ಕಂಡಿತು' ಎಂದರು. ನಲವತ್ತು ವರ್ಷ ನೋಡಿ ನೋಡಿ ಪಳಗಿದ ಇಂಥ ಕಣ್ಣಿನ ಮಾತನ್ನು 'ಮನಸ್ಸಿಗೆ ಬಂದಂತೆ' ಎಂದು ತಾವು ತಳ್ಳಿಹಾಕಿದ್ದು ನನಗೆ ನೋವು ತಂದಿದೆ.

ತಪ್ಪು ತಮ್ಮೊಬ್ಬರದೇ ಎನ್ನಲಾರೆ. ಆಕಾಶಕ್ಕೆ ನೀಲಿ ಹಚ್ಚದ ಮಗುವನ್ನು ತಿದ್ದಿ, ಚಿತ್ರವೆಂದರೆ ಯಾವುದರದೋ ಚಿತ್ರವಾಗಿರಲೇಬೇಕೆಂದು ಕಲಿಸಿದವರು ನಾವೇ. ಪ್ರದರ್ಶನಕ್ಕೆ ಹೋದರೆ ಜನ ಮೊದಲು ಶೀರ್ಷಿಕೆಯ ಚೀಟಿಯನ್ನು ಓದಿ, ಮೊಬೈಲಿನಲ್ಲಿ ಫೋಟೋ ತೆಗೆದು, ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ವಿಮರ್ಶಕರೂ ಬಣ್ಣದ ಬಗ್ಗೆ ಒಂದು ವಾಕ್ಯ ಬರೆದು, ಉಳಿದ ಪುಟವನ್ನು ಕಲಾವಿದರ ಜೀವನಚರಿತ್ರೆಯಿಂದ ತುಂಬಿಸುತ್ತಾರೆ. ರಾಗ ಕೇಳುವಾಗ ಅರ್ಥವನ್ನು ಕೇಳದ ನಾವು, ಕೆಂಪಿನ ಪಕ್ಕದ ಕಪ್ಪಿಗೆ ಮಾತ್ರ ಅರ್ಥದ ಲೆಕ್ಕ ಕೇಳುತ್ತೇವೆ.

ತಮ್ಮಲ್ಲಿ ಆ ಸಂಚಿಕೆ ಇನ್ನೂ ಇದ್ದರೆ ಮುಖಪುಟವನ್ನು ಗೋಡೆಗೆ ಒರಗಿಸಿ, ತಾವು ಖಾಲಿ ಎಂದ ಅರ್ಧವನ್ನು ಒಂದು ಹಾಳೆಯಿಂದ ಮುಚ್ಚಿ, ಉಳಿದ ಬಣ್ಣಗಳಿಗೆ ಏನಾಗುತ್ತದೆಂದು ನೋಡಿ. ಹಾಳೆ ತೆಗೆದು ಇನ್ನೊಮ್ಮೆ ನೋಡಿ. ಕಂಡದ್ದನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಅಚ್ಚುಹಾಕುತ್ತೇನೆ.

— ಸಂಪಾದಕ