ಈಗಲ್ಸ್ ಮ್ಯಾಚಿನಲ್ಲಿ ಯಾವಾಗ ಹಾಡಬೇಕು, ಯಾವಾಗ ಸುಮ್ಮನಿರಬೇಕು

ನಮಸ್ಕಾರ. ಫಿಲಡೆಲ್ಫಿಯಾಕ್ಕೆ ಹೊಸದಾಗಿ ಬಂದಿದ್ದೀರಿ, ಆಫೀಸಿನವರು ಈ ಊರಿನ ಅಮೆರಿಕನ್ ಫುಟ್‌ಬಾಲ್ ತಂಡವಾದ ಈಗಲ್ಸ್ ಮ್ಯಾಚಿಗೆ ಕರೆದಿದ್ದಾರೆ, ಅಲ್ಲಿ ಎಲ್ಲರೂ ಹಾಡುತ್ತಾರಂತೆ, ನಮಗೆ ಆಟವೂ ಗೊತ್ತಿಲ್ಲ ಹಾಡೂ ಬಾರದು ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಈ ಊರಿನವರ ಜೊತೆ ಬೆರೆಯಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಹಾಡು ‘ಫ್ಲೈ ಈಗಲ್ಸ್ ಫ್ಲೈ’. ತಂಡದ ಹಳೆಯ ವಿಜಯಗೀತೆಯನ್ನು 1990ರ ದಶಕದ ಕೊನೆಯಲ್ಲಿ ಕೊಂಚ ಬದಲಿಸಿ ಮತ್ತೆ ಬಳಕೆಗೆ ತಂದರು. ತೀರಾ ಚಿಕ್ಕದು, ಮನೆಯಲ್ಲಿ ನಾಲ್ಕು ಸಲ ಕೇಳಿದರೆ ಬಾಯಿಗೆ ಬರುತ್ತದೆ. ಮೊದಲ ಸಾಲು ‘ಫ್ಲೈ’ ಎಂದು ಶುರುವಾದರೆ ಎರಡನೆಯದು ‘ಫೈಟ್’ ಎಂದು. ಹೊಸಬರು ಎಡವುವುದು ಇಲ್ಲೇ, ಎರಡು ಕಡೆಯೂ ‘ಫ್ಲೈ’ ಅಂದುಬಿಡುತ್ತಾರೆ. ಎರಡನೆಯ ಸಾಲು ‘ಒನ್, ಟೂ, ತ್ರೀ’ಗೆ ನಿಲ್ಲುತ್ತದೆ, ಅಲ್ಲಿ ಧ್ವನಿ ಏರಿಸಿ. ಮೂರನೆಯದರಲ್ಲಿ ಮೊದಲು ‘ಲೋ’, ಆಮೇಲೆ ‘ಹೈ’. ಕೊನೆಗೆ ಮೊದಲ ಸಾಲೇ ಮತ್ತೆ ಬರುತ್ತದೆ. ಅದು ಮುಗಿದ ಕೂಡಲೇ ಇ-ಎ-ಜಿ-ಎಲ್-ಇ-ಎಸ್ ಎಂದು ಬಿಡಿಬಿಡಿಯಾಗಿ ಕೂಗಿ, ‘ಈಗಲ್ಸ್!’ ಎಂದು ಮುಗಿಸಬೇಕು. ಅಕ್ಷರಗಳನ್ನು ಅವಸರದಲ್ಲಿ ನುಂಗಬೇಡಿ. ಬೇರೇನೂ ನೆನಪಾಗದಿದ್ದರೂ ಈ ಆರು ಅಕ್ಷರ ಬಂದರೆ ಸಾಕು, ಪಕ್ಕದವರು ಕೈಗೆ ಕೈ ತಟ್ಟುತ್ತಾರೆ.

ಹಾಡುವುದು ನಮ್ಮವರು ಟಚ್‌ಡೌನ್ ಹೊಡೆದಾಗ, ಅಂದರೆ ಚೆಂಡನ್ನು ಎದುರಾಳಿಗಳ ಕೊನೆಯ ಗೆರೆ ದಾಟಿಸಿ ಆರು ಅಂಕ ಬಂದಾಗ. ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸುವ ಮೂರು ಅಂಕದ ಫೀಲ್ಡ್ ಗೋಲಿಗೆ ಚಪ್ಪಾಳೆ ಸಾಕು. ಚೆಂಡು ಗೆರೆ ದಾಟಿತು ಎಂದು ಹಾಡು ತೆಗೆಯುವ ಮುಂಚೆ ಮೈದಾನದ ಮೇಲೊಮ್ಮೆ ಕಣ್ಣಾಡಿಸಿ. ಹಳದಿ ಬಟ್ಟೆ ಬಿದ್ದಿದ್ದರೆ ಯಾರೋ ತಪ್ಪು ಮಾಡಿದ್ದಾರೆ ಎಂದರ್ಥ, ತಪ್ಪು ನಮ್ಮವರದಾದರೆ ಟಚ್‌ಡೌನೇ ರದ್ದಾಗಬಹುದು. ಸುತ್ತಲಿನವರು ಶುರು ಮಾಡಿದ ಮೇಲೆ ಸೇರಿಕೊಳ್ಳುವುದೇ ಕ್ಷೇಮ.

ಹಾಡಿಗಿಂತ ಮುಖ್ಯವಾದದ್ದು ಮೌನ. ಚೆಂಡು ನಮ್ಮವರ ಕೈಯಲ್ಲಿದ್ದಾಗ ಕೂಗಬಾರದು. ದಾಳಿಯನ್ನು ನಡೆಸುವ ಆಟಗಾರ ಕ್ವಾರ್ಟರ್‌ಬ್ಯಾಕ್, ಅವನು ಕೂಗಿ ಹೇಳುವ ಸಂಕೇತ ಜೊತೆಯ ಹತ್ತು ಜನಕ್ಕೂ ಕೇಳಬೇಕು. ಅವನ ಹೆಲ್ಮೆಟ್ಟಿನಲ್ಲಿ ಕೋಚ್‌ನ ಮಾತು ಕೇಳುವ ಪುಟ್ಟ ಸ್ಪೀಕರ್ ಇರುತ್ತದೆ, ಆದರೆ ಪ್ರತಿ ಸಲ ಆಟ ಶುರು ಮಾಡಲು ಕೊಡುವ ಸಮಯದ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದು ಬಂದ್, ಆಮೇಲೆ ಅವನ ಧ್ವನಿಯೇ ಗತಿ. ಚೆಂಡು ಎದುರಾಳಿಗಳ ಕೈಗೆ ಹೋಯಿತೋ, ಆಗ ಗಂಟಲು ಹರಿಯುವಂತೆ ಕೂಗಿ. ಅದರಲ್ಲೂ ಥರ್ಡ್ ಡೌನಿನಲ್ಲಿ, ಅಂದರೆ ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ, ಇಡೀ ಸ್ಟೇಡಿಯಂ ಎದ್ದು ನಿಲ್ಲುತ್ತದೆ. ಸಂಕೇತ ಕೇಳಿಸದೆ ಅವರಲ್ಲಿ ಒಬ್ಬ ಮೊದಲೇ ಅಲುಗಾಡಿದರೆ ಐದು ಗಜ ಹಿಂದೆ ಹೋಗಬೇಕು. ಆ ಐದು ಗಜ ಪ್ರೇಕ್ಷಕರ ಸಂಪಾದನೆ! ಕ್ರಿಕೆಟ್ ನೋಡಿ ಬೆಳೆದ ನಾವು ನಮ್ಮವರು ಆಡುವಾಗಲೇ ಹುರಿದುಂಬಿಸಿ ರೂಢಿ. ಇಲ್ಲಿ ಆ ರೂಢಿ ಬಿಡಬೇಕು.

ಶುರುವಿನಲ್ಲಿ ಅಮೆರಿಕದ ರಾಷ್ಟ್ರಗೀತೆಗೆ ಎದ್ದು ನಿಂತು ಟೋಪಿ ತೆಗೆಯಿರಿ. ಹಸಿರು ಬಟ್ಟೆ ಹಾಕಿಕೊಳ್ಳಿ. ಈಗಲ್ಸ್‌ನ ಬದ್ಧ ವೈರಿ ಡಲ್ಲಸ್ ತಂಡದ ನಕ್ಷತ್ರವಿರುವ ಏನನ್ನೂ, ಮಕ್ಕಳಿಗೂ ಕೂಡ, ತೊಡಿಸಬೇಡಿ. ನ್ಯೂಜೆರ್ಸಿಯ ಬಂಧುಗಳನ್ನು ಕರೆದೊಯ್ಯುವುದಾದರೆ ಮೊದಲೇ ವಿಚಾರಿಸಿ, ಆ ರಾಜ್ಯದ ದಕ್ಷಿಣದವರು ಹೆಚ್ಚಾಗಿ ಈಗಲ್ಸ್ ಕಡೆ, ಉತ್ತರದವರು ನ್ಯೂಯಾರ್ಕ್ ತಂಡಗಳಾದ ಜೈಂಟ್ಸ್ ಅಥವಾ ಜೆಟ್ಸ್ ಕಡೆ. ಮುಂದೆ ಷಿಕಾಗೊಗೋ ವಾಷಿಂಗ್ಟನ್‌ಗೋ ಹೋದರೆ ಅಲ್ಲೂ ಇಂಥ ಹಾಡುಗಳಿವೆ, ಷಿಕಾಗೊದ್ದು 1941ರದು, ವಾಷಿಂಗ್ಟನ್ನಿನದು 1938ರದು. ಲೀಗಿನ ಎಲ್ಲ ತಂಡಗಳಿಗೂ ಇಷ್ಟು ಗಟ್ಟಿಯಾದ ಹಾಡಿಲ್ಲ. ಸ್ಪೀಕರಿನಲ್ಲಿ ಯಾವುದೋ ಜನಪ್ರಿಯ ಹಾಡು ಹಾಕುವುದಕ್ಕೂ ಊರಿಗೆ ಊರೇ ತನ್ನದೆನ್ನುವ ಹಾಡಿಗೂ ಬಹಳ ವ್ಯತ್ಯಾಸ.

ಬ್ಯಾಗ್ ಪಾರದರ್ಶಕವಾಗಿರಬೇಕು, 12×6×12 ಇಂಚಿಗಿಂತ ದೊಡ್ಡದಿರಬಾರದು, ಇಲ್ಲವಾದರೆ ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ. ಕಾರಿಗಿಂತ ಬ್ರಾಡ್ ಸ್ಟ್ರೀಟ್ ರೈಲು ವಾಸಿ, ದಕ್ಷಿಣದ ಕೊನೆಯ ನಿಲ್ದಾಣದಲ್ಲಿ ಇಳಿದರೆ ಸ್ಟೇಡಿಯಂ ನಡೆದು ಹೋಗುವಷ್ಟೇ ದೂರ.